ಬಾಗಲಕೋಟೆಯ ಬಿಸಿಲಲ್ಲಿ ಫ್ಯಾನ್ಸಿ ಕೋಳಿ ಸಾಕುವುದು

ನಮ್ಮ ಮನೆ ಬಾಗಲಕೋಟೆಯ ನವನಗರದಲ್ಲಿದೆ. ನಾನು ಮನೆಯಲ್ಲೇ ಕುಪ್ಪಸ ಹೊಲಿಯುತ್ತೇನೆ. ಗುಳೇದಗುಡ್ಡದ ಖಣ ಜಾಸ್ತಿ ಬರುತ್ತದೆ. ಮಷಿನ್ ಇಟ್ಟಿರುವ ಕೋಣೆಯ ಕಿಟಕಿ ಹಿತ್ತಲಿಗೆ ತೆರೆಯುತ್ತದೆ. ಅಲ್ಲಿ ಬೇವಿನ ಗಿಡದ ಕೆಳಗೆ 14 ಫ್ಯಾನ್ಸಿ ಕೋಳಿಗಳಿವೆ: 5 ಸಿಲ್ಕಿ, 3 ಪೋಲಿಷ್, 4 ಕೊಚಿನ್ ಬ್ಯಾಂಟಮ್ (ಬ್ಯಾಂಟಮ್ ಎಂದರೆ ಗಿಡ್ಡ ಕೋಳಿ), 2 ಫ್ರಿಜಲ್ (ಗರಿ ಸುರುಳಿಯಾಗಿರುವುದು). ಬೇರೆ ಗೂಡಿನಲ್ಲಿ 6 ಜವಾರಿ ಕೋಳಿ. ಎಂಟು ವರ್ಷದಿಂದ ಸಾಕುತ್ತಿದ್ದೇನೆ.

ಮೊದಲ ಸಿಲ್ಕಿ ಮನೆಗೆ ಬಂದ ದಿನ ಪಕ್ಕದ ಮನೆಯ ಅಜ್ಜಿ ಕಂಪೌಂಡಿನ ಆಚೆಯಿಂದ ಬಗ್ಗಿ ನೋಡಿದರು. "ಯವ್ವಾ, ಇದು ಕೋಳಿನೋ ಬೆಕ್ಕಿನ ಮರಿನೋ?" ಅಂದರು. ಅವರೊಬ್ಬರೇ ಅಲ್ಲ. 13ನೇ ಶತಮಾನದಲ್ಲಿ ಚೀನಾ ನೋಡಿ ಬಂದ ಮಾರ್ಕೋ ಪೋಲೋ ಕೂಡ ಅಲ್ಲಿನ ಕೆಲವು ಕೋಳಿಗಳಿಗೆ ಗರಿ ಇಲ್ಲ, ಬೆಕ್ಕಿನಂತೆ ಕೂದಲಿದೆ ಎಂದು ಬರೆಸಿದ್ದಾನೆ.

ಈ ಕೋಳಿ ಸಾಕಲು ಹೊರಟವರಿಗೆ ಒಂದು ಮಾತು ಮೊದಲೇ ಹೇಳುತ್ತೇನೆ. ಮನುಷ್ಯರು ಅಂದಕ್ಕಾಗಿ ಈ ತಳಿಗಳನ್ನು ಆರಿಸಿ ಆರಿಸಿ ಬೆಳೆಸಿದ್ದಾರೆ. ಆ ಅಂದ ಬಂದಾಗ ಒಂದೊಂದು ತಳಿಯಿಂದ ಒಂದೊಂದು ಶಕ್ತಿ ಹೋಗಿದೆ. ಸಿಲ್ಕಿಗೆ ಹಾರಲು ಬರುವುದಿಲ್ಲ, ಮಳೆ ತಡೆಯುವ ಗರಿಯೂ ಇಲ್ಲ. ಪೋಲಿಷ್‌ಗೆ ತಲೆ ಮೇಲೆ ಗರಿಯ ಜುಟ್ಟು ಬಂತು, ಕಣ್ಣಿಗೆ ಮರೆಯಾಯಿತು. ಕೊಚಿನ್ ಕಾಲಿಗೆ ಗರಿ ಬಂತು, ಕೆಸರಲ್ಲಿ ಓಡಾಡುವುದು ಕಷ್ಟವಾಯಿತು. ಯಾವ ಕೋಳಿಯಲ್ಲಿ ಏನು ಹೋಗಿದೆ ಎಂದು ನೋಡಿ, ಅದನ್ನು ನಾವು ಕೈಯಾರೆ ಕೊಡಬೇಕು. ನನ್ನ ಎಲ್ಲ ಕೆಲಸ ಇದರಿಂದಲೇ ಹುಟ್ಟಿದ್ದು.

ತರುವ ಮೊದಲು

ನಮ್ಮ ಕಡೆ ಬ್ರಹ್ಮಾ ತಳಿ ಬೇಡ ಎನ್ನುತ್ತೇನೆ. ಹೆಸರು ಬ್ರಹ್ಮಪುತ್ರಾ ನದಿಯದು. ಆದರೆ ತಳಿ ರೂಪುಗೊಂಡಿದ್ದು ಅಮೆರಿಕದಲ್ಲಿ, ಶಾಂಘೈನಿಂದ ಹೋದ ಕೋಳಿಗಳಿಂದ. ಹುಂಜ 5 ಕಿಲೋ ದಾಟುತ್ತದೆ. ಮೈತುಂಬ ದಟ್ಟ ಗರಿ, ತಲೆ ಮೇಲೆ ಮಾಂಸದ ಕೆಂಪು ಜುಟ್ಟು ಸಣ್ಣದು. ಕೋಳಿಗೆ ಬೆವರುವುದಕ್ಕೆ ಬರುವುದಿಲ್ಲ. ಬಾಯಿ ತೆರೆದು ಏದುಸಿರು ಬಿಟ್ಟು, ಕೆಂಪು ಜುಟ್ಟು ಮತ್ತು ಗದ್ದದ ಜೋಲಿನಿಂದ ಮೈ ಬಿಸಿ ಹೊರಗೆ ಹಾಕುತ್ತದೆ. ಜುಟ್ಟು ಸಣ್ಣದಾದಷ್ಟೂ ಆ ದಾರಿ ಕಿರಿದು. ಚಳಿ ದೇಶಕ್ಕೆ ಅದು ಒಳ್ಳೆಯದು, 40 ಡಿಗ್ರಿ ಮುಟ್ಟುವ ನಮ್ಮೂರಿಗಲ್ಲ.

ನಾನು ಇದನ್ನು ಕಲಿತದ್ದು ಒಂದು ಬ್ರಹ್ಮಾ ಹೆಣ್ಣು ಕೋಳಿಯನ್ನು ಕಳೆದುಕೊಂಡು. ಮೇ ತಿಂಗಳ ಮಧ್ಯಾಹ್ನ, ಎರಡು ಗಂಟೆ ಇರಬಹುದು. ಗೂಡಿಗೆ ಬರೀ ಪತ್ರಾಸ್ ಹೊದಿಸಿದ್ದೆ, ಪಶ್ಚಿಮದ ಗೋಡೆಗೆ ತಾಗಿಸಿ ಕಟ್ಟಿದ್ದೆ. ಒಂದು ಮದುವೆ ಕುಪ್ಪಸದ ಅವಸರದಲ್ಲಿದ್ದೆ. ಎದ್ದು ಹೋಗಿ ನೋಡುವಷ್ಟರಲ್ಲಿ ರೆಕ್ಕೆ ಚೆಲ್ಲಿ ಮಲಗಿತ್ತು. ನೀರಿನ ತಾಟು ಅದರ ಮುಂದೆಯೇ ಇತ್ತು. ಆ ನೀರು ಮುಟ್ಟಿದರೆ ಕೈಗೆ ಬಿಸಿ ತಾಗುತ್ತಿತ್ತು.

ಹೊಸಬರಿಗೆ ಸಿಲ್ಕಿ ಅಥವಾ ಕೊಚಿನ್ ಬ್ಯಾಂಟಮ್ ಸರಿ. ಎರಡೂ ಸಾಧು. ಸಿಲ್ಕಿ ಕೊಳ್ಳುವಾಗ ಕಾಲ ಬೆರಳು ಎಣಿಸಿ. ಹೆಚ್ಚಿನ ಕೋಳಿಗೆ ನಾಲ್ಕು, ಇದಕ್ಕೆ ಐದು. ಗರಿ ಸರಿಸಿ ನೋಡಿ, ಚರ್ಮ ಕಪ್ಪಿರಬೇಕು. ನಮ್ಮ ದೇಶದ ಕಡಕ್‌ನಾಥ್ ಕೂಡ ಮೈ ಕಪ್ಪಿನ ಕೋಳಿಯೇ. ಮಧ್ಯಪ್ರದೇಶದ ಝಾಬುವಾದ ಕಡೆಯದು, 2018ರಲ್ಲಿ ಭೌಗೋಳಿಕ ಗುರುತು ಪಡೆಯಿತು. ಆದರೆ ಅದರ ಗರಿ ಮಾಮೂಲಿ ಗರಿ, ಬೆರಳೂ ನಾಲ್ಕೇ. ಸಿಲ್ಕಿ ಮತ್ತು ಕಡಕ್‌ನಾಥ್ ಕೂಡಿ ಹುಟ್ಟಿದ ಮರಿಯನ್ನು ಅಪ್ಪಟ ಸಿಲ್ಕಿ ಅಂತ ಯಾರಾದರೂ ಕೊಟ್ಟರೆ ಗರಿ ನೋಡಿದರೆ ಗೊತ್ತಾಗುತ್ತದೆ. ರೇಷ್ಮೆಯಂಥ ಗರಿ ಬರಬೇಕಾದರೆ ತಂದೆ ತಾಯಿ ಇಬ್ಬರಿಂದಲೂ ಆ ಗುಣ ಬರಬೇಕು.

ಇನ್ನೊಂದು: ಸಿಲ್ಕಿಯಲ್ಲಿ ಗಂಡು ಹೆಣ್ಣು ಗುರುತಿಸಲು ಐದಾರು ತಿಂಗಳು ಬೇಕು. ನನಗೆ ಎರಡು ತಿಂಗಳ ಮರಿಗಳನ್ನು "ಜೋಡಿ" ಎಂದು ಕೊಟ್ಟರು. ಎರಡೂ ಹುಂಜ ಆದವು. ಮೂರು ನಾಲ್ಕು ಮರಿ ತನ್ನಿ, ಇಲ್ಲವೇ ತತ್ತಿ ಇಡುತ್ತಿರುವ ಕೋಳಿಯನ್ನೇ ನೋಡಿ ತನ್ನಿ.

ಹೊಸ ಕೋಳಿ ಬಂದರೆ 30 ದಿನ ಬೇರೆ ಇಡಿ. ಮನೆಯ ಇನ್ನೊಂದು ಮೂಲೆಯಲ್ಲಿ, ಬೇರೆ ತಾಟಿನಲ್ಲಿ. ಮೊದಲು ಹಳೆ ಕೋಳಿಗೆ ಕಾಳು ಹಾಕಿ, ಆಮೇಲೆ ಹೊಸದರ ಹತ್ತಿರ ಹೋಗಿ. ಕೈ ಕಾಲು ತೊಳೆಯದೆ ಹಿಂದೆ ಬರಬೇಡಿ. ಒಂದು ಸಲ ನಾನು ನಾಲ್ಕೇ ದಿನಕ್ಕೆ ಒಟ್ಟಿಗೆ ಬಿಟ್ಟೆ. ಸೀನು, ಕಣ್ಣಲ್ಲಿ ನೊರೆ ಶುರುವಾಗಿ ಇಡೀ ಹಿತ್ತಲಿಗೆ ಹಬ್ಬಿತು.

ಗೂಡು ಮತ್ತು ಬಿಸಿಲು

ಈಗಿನ ಗೂಡು 8 ಅಡಿ ಉದ್ದ, 6 ಅಡಿ ಅಗಲ. ಸಣ್ಣ ತಳಿಗೆ ಒಳಗೆ ತಲಾ 3 ಚದರ ಅಡಿ ಸಾಕು, ಹೊರಗೆ ಅಡ್ಡಾಡಲು 8ರಿಂದ 10 ಚದರ ಅಡಿ ಇರಲಿ. ಉದ್ದದ ಬದಿ ಪೂರ್ವ-ಪಶ್ಚಿಮವಾಗಿ ಕಟ್ಟಿ. ಆಗ ಬೆಳಗಿನ ಮತ್ತು ಸಂಜೆಯ ಇಳಿಬಿಸಿಲು ಗೂಡಿನ ಕಿರಿದಾದ ಬದಿಗೆ ಮಾತ್ರ ಬೀಳುತ್ತದೆ. ಉತ್ತರ, ದಕ್ಷಿಣ ಎರಡೂ ಕಡೆ ಜಾಲರಿ ಬಿಟ್ಟರೆ ಗಾಳಿ ಆಡುತ್ತದೆ. ಪತ್ರಾಸ್ ಮೇಲೆ ಜೋಳದ ಕಣಿಕೆಯನ್ನು ಒಂದು ಗೇಣು ದಪ್ಪಕ್ಕೆ ಹಾಸಿ ಕಟ್ಟಿದ್ದೇನೆ. ಕೆಳಗೆ ನಿಂತರೆ ವ್ಯತ್ಯಾಸ ತಲೆಗೇ ಗೊತ್ತಾಗುತ್ತದೆ.

ಮಾರ್ಚ್‌ನಿಂದ ಜೂನ್ ಮೊದಲ ವಾರದವರೆಗೆ ನನ್ನ ದಿನಚರಿ ಹೀಗಿರುತ್ತದೆ. ಬೆಳಗ್ಗೆ ಐದೂವರೆಗೆ ಕಾಳು. ಹತ್ತಕ್ಕೆ ತಾಟು ಎತ್ತಿಬಿಡುತ್ತೇನೆ. ತಿಂದದ್ದು ಅರಗುವಾಗ ಮೈ ಒಳಗೆ ಇನ್ನಷ್ಟು ಬಿಸಿ ಹುಟ್ಟುತ್ತದೆ. ಕೋಳಿಯ ಮೈ ಮೊದಲೇ 41 ಡಿಗ್ರಿ ಇರುತ್ತದೆ. ಸಂಜೆ ಐದರ ಮೇಲೆ ಮತ್ತೆ ಕಾಳು. ನೀರು ಮಣ್ಣಿನ ಪಾತ್ರೆಯಲ್ಲಿ, ನೆರಳಲ್ಲಿ, ಎರಡು ಮೂರು ಕಡೆ. ಹನ್ನೊಂದಕ್ಕೆ, ಒಂದಕ್ಕೆ, ಮೂರಕ್ಕೆ ಬದಲಿಸುತ್ತೇನೆ. ಹೊಲಿಗೆಯ ನಡುವೆ ಮರೆಯಬಾರದೆಂದು ಮೊಬೈಲಿನಲ್ಲಿ ಅಲಾರಂ ಇಟ್ಟಿದ್ದೇನೆ. ಪಶ್ಚಿಮದ ಕಡೆ ಗೋಣಿ ಚೀಲ ಇಳಿಬಿಟ್ಟು ನೀರು ಚಿಮುಕಿಸುತ್ತೇನೆ. ಬಿಸಿ ಜಾಸ್ತಿಯಾದ ದಿನ ನೀರಿಗೆ ಕೋಳಿಗೆಂದೇ ಸಿಗುವ ಎಲೆಕ್ಟ್ರೋಲೈಟ್ ಪುಡಿ ಬೆರೆಸುತ್ತೇನೆ.

ಕೋಳಿ ರೆಕ್ಕೆ ಎತ್ತಿ ಬಾಯಿ ತೆರೆದು ನಿಂತರೆ ಅದು ಹೆದರುವ ವಿಷಯವಲ್ಲ, ತಾನೇ ತಂಪು ಮಾಡಿಕೊಳ್ಳುತ್ತಿದೆ. ನಿಲ್ಲಲಾಗದೆ ಕೂತು, ಕಣ್ಣು ಮುಚ್ಚಿ, ಕತ್ತು ಇಳಿಬಿಟ್ಟರೆ ಕೂಡಲೇ ಎತ್ತಿಕೊಳ್ಳಿ. ಕಾಲನ್ನು ತಣ್ಣೀರಲ್ಲಿ ಅದ್ದಿ ಹಿಡಿಯಿರಿ, ಕೆಂಪು ಜುಟ್ಟಿಗೆ ನೀರು ಸವರಿ. ಮಂಜುಗಡ್ಡೆ ನೀರಲ್ಲಿ ಮುಳುಗಿಸಬೇಡಿ. ಬೇಸಿಗೆಯಲ್ಲಿ ತತ್ತಿಯ ಚಿಪ್ಪು ತೆಳುವಾಗುವುದೂ ಈ ಏದುಸಿರಿನಿಂದಲೇ. ಉಸಿರಿನ ಜೊತೆ ಕಾರ್ಬನ್ ಡೈಆಕ್ಸೈಡ್ ಜಾಸ್ತಿ ಹೋಗಿ, ಚಿಪ್ಪು ಕಟ್ಟುವ ಸುಣ್ಣದ ಲೆಕ್ಕ ತಪ್ಪುತ್ತದೆ.

ನೆಲಕ್ಕೆ ಶೇಂಗಾ ಹೊಟ್ಟು ನಮ್ಮಲ್ಲಿ ಸುಲಭವಾಗಿ ಸಿಗುತ್ತದೆ. ಒಣಗಿರಬೇಕು, ಅಷ್ಟೇ. ನೆನೆದು ಬೂಸ್ಟು ಬಂದರೆ ಕೋಳಿಯ ಶ್ವಾಸಕ್ಕೆ ಕುತ್ತು. ಸಿಲ್ಕಿಗೆ ಎತ್ತರದ ಕೋಲು ಹಾಕಬೇಡಿ. ನೆಲದಿಂದ ಒಂದಡಿ ಎತ್ತರದಲ್ಲಿ ಎರಡು ಇಂಚು ಅಗಲದ ಹಲಗೆ ಸಾಕು. ಎಷ್ಟೋ ಸಿಲ್ಕಿಗಳು ಅದನ್ನೂ ಹತ್ತದೆ ಮೂಲೆಯಲ್ಲಿ ಗುಂಪಾಗಿ ಮಲಗುತ್ತವೆ. ಆ ಮೂಲೆಯನ್ನು ದಿನಾ ಚೊಕ್ಕ ಮಾಡಿ.

ಜಾಲರಿ ಅರ್ಧ ಇಂಚಿನ ವೆಲ್ಡ್ ಮೆಷ್ ಆಗಿರಲಿ. ಆರು ಮೂಲೆಯ ಸಡಿಲ ಕೋಳಿ ಜಾಲರಿ ಕೋಳಿಯನ್ನು ಒಳಗೆ ಇಡುತ್ತದೆ, ಮುಂಗುಸಿಯನ್ನು ಹೊರಗೆ ಇಡುವುದಿಲ್ಲ. ಗೂಡಿನ ಸುತ್ತ ನೆಲದಲ್ಲಿ ಒಂದಡಿ ಅಗಲಕ್ಕೆ ಫರಸಿ ಕಲ್ಲು ಹಾಸಿ. ಹೆಗ್ಗಣ ಕೊರೆಯುವುದು ನಿಲ್ಲುತ್ತದೆ.

ಗರಿ, ಜುಟ್ಟು, ಕಾಲು

ನನಗೆ ತುಂಬ ಪ್ರೀತಿಯ ಕೆಲಸ ಇದು. ಕತ್ತರಿ ಹಿಡಿದ ಕೈಗೆ ಇದು ಬೇಗ ಒಗ್ಗಿತು.

ಪೋಲಿಷ್ ತಲೆಬುರುಡೆಯ ಮೇಲೆ ಎಲುಬಿನ ಗುಬುಟು ಇರುತ್ತದೆ. ಜುಟ್ಟಿನ ಗರಿ ಹುಟ್ಟುವುದು ಅದರ ಮೇಲೆ. ಮರಿಯಾಗಿದ್ದಾಗ ಅಲ್ಲಿ ಎಲುಬು ಪೂರ್ತಿ ಮುಚ್ಚಿರುವುದಿಲ್ಲ. ಬೇರೆ ಮರಿ ಅಲ್ಲಿ ಜೋರಾಗಿ ಕುಟುಕಿದರೆ ಸಾಯಬಹುದು, ಇಲ್ಲವೇ ಕತ್ತು ತಿರುಚಿಕೊಳ್ಳಬಹುದು. ಸಿಲ್ಕಿಯಲ್ಲೂ ಎಷ್ಟೋ ಮರಿಗಳ ತಲೆ ಹೀಗೇ ಇರುತ್ತದೆ. ಅದಕ್ಕೇ ಜುಟ್ಟಿನ ತಳಿಗಳನ್ನು ಜವಾರಿ ಮರಿಗಳ ಜೊತೆ ಬೆಳೆಸಬೇಡಿ. ಜವಾರಿ ಮರಿ ಚುರುಕು. ತಲೆ ಮೇಲೆ ಅಲ್ಲಾಡುವ ಗರಿ ಕಂಡರೆ ಹುಳ ಅಂತ ಕುಕ್ಕುತ್ತದೆ. ಕತ್ತು ತಿರುಚಿದ ಮರಿಯನ್ನು ಬೇರೆ ಇಟ್ಟು, ಕೊಕ್ಕನ್ನು ನೀವೇ ನೀರಿಗೆ ತಂದು ಕುಡಿಸಿ, ವೈದ್ಯರನ್ನು ಕೇಳಿ ವಿಟಮಿನ್ ಇ ಮತ್ತು ಬಿ1 ಕೊಡಿ. ನನ್ನ ಒಂದು ಪೋಲಿಷ್ ಮರಿ ಮೂರು ವಾರಕ್ಕೆ ನೆಟ್ಟಗಾಯಿತು. ಇನ್ನೊಂದು ಉಳಿಯಲಿಲ್ಲ.

ದೊಡ್ಡ ಪೋಲಿಷ್‌ಗೆ ಮುಂದೆ ಮತ್ತು ಮೇಲೆ ಕಾಣುವುದು ಕಡಿಮೆ. ಸದ್ದಿಲ್ಲದೆ ಹತ್ತಿರ ಹೋದರೆ ಬೆಚ್ಚಿಬಿದ್ದು ಗೋಡೆಗೆ ಹಾಯುತ್ತದೆ. ಗೂಡಿನ ಬಾಗಿಲು ತೆರೆಯುವ ಮುಂಚೆಯೇ ಮಾತಾಡುತ್ತಾ ಹೋಗಿ. ಕಣ್ಣಿನ ಮುಂದಿನ ಗರಿಯನ್ನು ಎರಡು ತಿಂಗಳಿಗೊಮ್ಮೆ ಕತ್ತರಿಸುತ್ತೇನೆ. ಮೊಂಡು ತುದಿಯ ಸಣ್ಣ ಕತ್ತರಿ ಬೇಕು. ಒಬ್ಬರು ಅರಿವೆಯಲ್ಲಿ ಸುತ್ತಿ ಹಿಡಿಯಲಿ. ಗರಿಯ ಬುಡದಲ್ಲಿ ನೀಲಿ ಕಪ್ಪು ನಾಳ ಕಂಡರೆ ಅದು ಇನ್ನೂ ಬೆಳೆಯುತ್ತಿರುವ ಗರಿ, ಒಳಗೆ ರಕ್ತ ಇರುತ್ತದೆ, ಅದನ್ನು ಬಿಟ್ಟುಬಿಡಿ. ಜುಟ್ಟು ನೀರಲ್ಲಿ ಅದ್ದಿ ನೆನೆದರೆ ಕಣ್ಣು ಬಾತು ಕೀವು ಬರುತ್ತದೆ. ಅದಕ್ಕೆ ಅಗಲ ತಾಟಿನ ಬದಲು ನಿಪ್ಪಲ್ ಇರುವ ನೀರಿನ ಡಬ್ಬಿ ಕೊಡಿ. ಜುಟ್ಟಿನ ಬುಡದಲ್ಲಿ ಹೇನು ಅಡಗುತ್ತದೆ. ವಾರಕ್ಕೊಮ್ಮೆ ಬೆರಳಿಂದ ಬಿಡಿಸಿ ನೋಡಿ.

ಕೊಚಿನ್ ಕಾಲಿನ ವಿಷಯ ಎರಿ ಮಣ್ಣಿನವರಿಗೆಲ್ಲ ಬೇಕಾದದ್ದು. ಮಳೆ ಬಿದ್ದ ಮೇಲೆ ಕರಿ ಮಣ್ಣು ಬೆರಳಿನ ಗರಿಗೆ ಹತ್ತಿ ಉಂಡೆಯಾಗುತ್ತದೆ. ಒಣಗಿದರೆ ಕಲ್ಲಿನಷ್ಟು ಗಟ್ಟಿ. ಎಳೆದರೆ ಉಗುರು ಕಿತ್ತು ಬರುತ್ತದೆ. ಉಗುರುಬೆಚ್ಚಗಿನ ನೀರಲ್ಲಿ ಹತ್ತು ಹದಿನೈದು ನಿಮಿಷ ಕಾಲು ಇಳಿಬಿಡಿ, ತಾನೇ ಕರಗುತ್ತದೆ. ಮುಂಗಾರಿಗೆ ಮೊದಲೇ ಓಡಾಡುವ ಜಾಗಕ್ಕೆ ನಾಲ್ಕು ಇಂಚು ಗರಸು, ಅದರ ಮೇಲೆ ಉಸುಕು ಹಾಕಿದರೆ ಈ ಕಷ್ಟ ಬಹಳ ಕಡಿಮೆ. ಸಿಲ್ಕಿಯ ಗರಿಯಲ್ಲಿ ಎಳೆ ಎಳೆಯನ್ನು ಹಿಡಿದಿಡುವ ಕೊಕ್ಕೆಗಳು ಇಲ್ಲ. ಹೆಣೆಯದ ದಾರದ ಹಾಗೆ ಅದು. ಮಳೆ ನೇರ ಚರ್ಮಕ್ಕೆ ಇಳಿಯುತ್ತದೆ. ಮೋಡ ಕಂಡರೆ ಒಳಗೆ ಹಾಕಿ ತಾಡಪತ್ರಿ ಇಳಿಸಿ. ನೆನೆದರೆ ಟವೆಲ್ಲಿನಲ್ಲಿ ಒರೆಸಿ ಬಲ್ಬಿನ ಕೆಳಗೆ ಕೂರಿಸಿ.

ಗರಿಗಾಲಿನೊಳಗೆ ಇನ್ನೊಂದು ತೊಂದರೆ ಮುಚ್ಚಿಕೊಂಡಿರುತ್ತದೆ. ಕಾಲಿನ ಹುರುಪೆ ಕೆಳಗೆ ಕಣ್ಣಿಗೆ ಕಾಣದ ನುಸಿ ಕೊರೆದು, ಹುರುಪೆ ಎದ್ದು ಬೂದಿ ಬಣ್ಣ ಬರುತ್ತದೆ. ಕೈಯಾಡಿಸಿ ನೋಡಿ, ಒರಟಾಗಿದ್ದರೆ ಸೋಪಿನ ನೀರಲ್ಲಿ ತೊಳೆದು ವ್ಯಾಸಲೀನ್ ಒತ್ತಿ ಸವರಿ. ವಾರಕ್ಕೆ ಎರಡು ಸಲ, ಒಂದು ತಿಂಗಳು. ಮೈ ಹೇನಿಗೆ ಒಂದು ಹಳೆ ಬುಟ್ಟಿಯಲ್ಲಿ ಒಲೆ ಬೂದಿ, ಉಸುಕು, ಒಣ ಮಣ್ಣು ತುಂಬಿ ಇಡಿ. ಅವೇ ಹೊರಳಾಡುತ್ತವೆ. ಕೋಳಿ ಉಣ್ಣಿ ಮಾತ್ರ ಹಗಲು ಗೋಡೆಯ ಬಿರುಕಲ್ಲಿ ಅಡಗಿ ರಾತ್ರಿ ಬಂದು ರಕ್ತ ಹೀರುತ್ತದೆ. ಕೋಳಿ ಸುಮ್ನೆ ಬಿಳಿಚಿಕೊಳ್ಳುತ್ತಿದ್ದರೆ ರಾತ್ರಿ ಟಾರ್ಚ್ ಹಿಡಿದು ಗೂಡು ನೋಡಿ. ಬಿರುಕನ್ನೆಲ್ಲ ಸಿಮೆಂಟಿನಿಂದ ಮುಚ್ಚಿ, ಮೇಲೆ ಸುಣ್ಣ ಬಳಿಯಿರಿ.

ಹುಂಜ ಏರಿ ಏರಿ ಹೆಣ್ಣು ಕೋಳಿಯ ಬೆನ್ನಿನ ಗರಿ ಕಿತ್ತುಹೋಗುತ್ತದೆ. ಅದಕ್ಕೆ ನಾನು ಖಣದ ತುಂಡಿನಲ್ಲಿ ಬೆನ್ನಿನ ಅಂಗಿ ಹೊಲಿಯುತ್ತೇನೆ. ಒಳಗೆ ಮೆತ್ತನೆ ಹತ್ತಿ ಅರಿವೆ, ರೆಕ್ಕೆ ಬುಡಕ್ಕೆ ಎರಡು ಎಲಾಸ್ಟಿಕ್. ಎರಡು ಬೆರಳು ಸಡಿಲ ಇರಲಿ. ಬೇಸಿಗೆಯಲ್ಲಿ ಹಾಕಬೇಡಿ. ಹೊಲಿಗೆ ಮನೆಯವರಿಗೆ ಒಂದು ಎಚ್ಚರಿಕೆ: ದಾರದ ತುಂಡು ಹಿತ್ತಲಿಗೆ ಹೋಗದಂತೆ ನೋಡಿಕೊಳ್ಳಿ. ನಾನು ಕಸ ಗುಡಿಸಿ ಕಿಟಕಿಯಿಂದ ಚೆಲ್ಲುತ್ತಿದ್ದೆ. ಒಂದು ಕೊಚಿನ್‌ನ ಬೆರಳಿಗೆ ಪಾಲಿಯೆಸ್ಟರ್ ದಾರ ಸುತ್ತಿ, ಗರಿಯೊಳಗೆ ನನಗೆ ಕಾಣಲೇ ಇಲ್ಲ. ನೋಡುವಾಗ ಬೆರಳು ಕಪ್ಪಾಗಿತ್ತು, ಉದುರಿಹೋಯಿತು. ಆ ಕೋಳಿ ಇನ್ನೂ ಇದೆ. ಅದು ಕುಂಟುತ್ತಾ ಬಂದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಕಾಳು

ಮರಿಗೆ ಎಂಟು ವಾರ ಅಂಗಡಿಯ ಸ್ಟಾರ್ಟರ್ ಫೀಡ್ ಕೊಡಿ. ದೊಡ್ಡವಕ್ಕೆ ನಾನು ಗೋವಿನಜೋಳದ ನುಚ್ಚು, ಬಿಳಿಜೋಳ, ಲೇಯರ್ ಫೀಡ್ ಕೂಡಿಸಿ ಹಾಕುತ್ತೇನೆ. ಫೀಡ್ ಅರ್ಧಕ್ಕಿಂತ ಕಡಿಮೆಯಾಗಬಾರದು. ಜೋಳವೊಂದರಿಂದಲೇ ಗರಿ ಬೆಳೆಯುವುದಿಲ್ಲ. ಗರಿ ಎಂದರೆ ಹೆಚ್ಚು ಕಡಿಮೆ ಪೂರ್ತಿ ಪ್ರೋಟೀನ್. ಗರಿ ಉದುರಿ ಹೊಸದು ಬರುವ ತಿಂಗಳಲ್ಲಿ ಬೇಯಿಸಿದ ತತ್ತಿ, ಒಣಮೀನಿನ ಪುಡಿ, ಸ್ವಲ್ಪ ಶೇಂಗಾ ಹಿಂಡಿ ಸೇರಿಸಿ. ಬೂಸ್ಟು ಹಿಡಿದ ಹಿಂಡಿ, ಬೂಸ್ಟು ಹಿಡಿದ ಗೋವಿನಜೋಳ ಬಿಸಾಡಿ. ಅದರಲ್ಲಿ ಅಫ್ಲಟಾಕ್ಸಿನ್ ಎಂಬ ವಿಷ ಇರಬಹುದು, ಅದು ಯಕೃತ್ತು ಹಾಳು ಮಾಡುತ್ತದೆ. ಚಿಪ್ಪಿನ ಪುಡಿ ಬೇರೆ ಬಟ್ಟಲಲ್ಲಿ ಇಡಿ. ತತ್ತಿ ಇಡುವವು ಮಾತ್ರ ಬೇಕಾದಷ್ಟು ತಿನ್ನುತ್ತವೆ.

ಲಸಿಕೆ

ನಮ್ಮ ಕಡೆ ಕೊಕ್ಕರೆ ರೋಗ ಎನ್ನುವುದೇ ರಾಣಿಖೇತ್ ರೋಗ. ಬಂದರೆ ಗೂಡು ಖಾಲಿ. ಮೊದಲ ವಾರದಲ್ಲಿ ಲಸೋಟಾ ಅಥವಾ ಎಫ್1 ಲಸಿಕೆ ಒಂದು ಹನಿ ಕಣ್ಣಿಗೆ, ನಾಲ್ಕನೇ ವಾರಕ್ಕೆ ಮತ್ತೊಮ್ಮೆ, 8ರಿಂದ 10 ವಾರಕ್ಕೆ ಆರ್2ಬಿ ಚುಚ್ಚುಮದ್ದು. ಅದಕ್ಕೆ ಒಂದು ವಾರ ಮುಂಚೆ ಹೊಟ್ಟೆಹುಳದ ಔಷಧಿ. ಸಿಡುಬಿನ ಲಸಿಕೆ ಯಾವಾಗ ಎಂದು ಪಶು ಆಸ್ಪತ್ರೆಯಲ್ಲಿ ಕೇಳಿ. ಸೀಸೆ 100 ಕೋಳಿಗೆ ಆಗುವಷ್ಟು ಬರುತ್ತದೆ, ಕಲಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ಹಾಗಾಗಿ ನಾನು ಓಣಿಯ ಜವಾರಿ ಕೋಳಿಗಳಿಗೂ ಅದೇ ದಿನ ಹಾಕಿಸುತ್ತೇನೆ. ಅವುಗಳಿಂದಲೇ ಅಲ್ವಾ ನಮ್ಮ ಹಿತ್ತಲಿಗೆ ರೋಗ ಬರುವುದು. ತರುವಾಗ ಥರ್ಮಾಸ್‌ನಲ್ಲಿ ಮಂಜುಗಡ್ಡೆ ಹಾಕಿ ತನ್ನಿ.

ಒಂದು ಕಾಲು ಮುಂದೆ, ಒಂದು ಕಾಲು ಹಿಂದೆ ಚಾಚಿ ಬೀಳುವುದು ಮಾರೆಕ್ಸ್ ರೋಗದ ಲಕ್ಷಣ. ಸಿಲ್ಕಿ, ಪೋಲಿಷ್, ಸೀಬ್ರೈಟ್ ತಳಿಗಳು ಇದಕ್ಕೆ ಬೇಗ ಸಿಗುತ್ತವೆ. ಮದ್ದಿಲ್ಲ. ಲಸಿಕೆ ಹುಟ್ಟಿದ ಮೊದಲ ದಿನವೇ ಆಗಬೇಕು. ಮರಿ ಕೊಳ್ಳುವಾಗ ಇದನ್ನು ಕೇಳಿ.

ಮರಿ ಮಾಡಿಸುವುದು

ಕಾವು ಇಡಲು ನನಗೆ ದಸರೆಯಿಂದ ಸಂಕ್ರಾಂತಿವರೆಗಿನ ಕಾಲ ಸರಿ. ಬೇಸಿಗೆಯಲ್ಲಿ ಕೋಣೆಯೇ 35 ಡಿಗ್ರಿ ಇರುತ್ತದೆ. ಅಷ್ಟು ಬಿಸಿಗೆ ತತ್ತಿಯೊಳಗೆ ಜೀವ ಅರೆಬರೆ ಬೆಳೆಯಲು ಶುರುವಾಗಿ, ಕಾವಿಗೆ ಕೂರಿಸುವ ಮೊದಲೇ ಸಾಯುತ್ತದೆ. ಚಳಿಗಾಲದಲ್ಲೂ ಮಣ್ಣಿನ ಮಡಿಕೆಯನ್ನು ಒದ್ದೆ ಉಸುಕಿನಲ್ಲಿ ಹೂತು, ಅದರೊಳಗೆ ಚೂಪು ತುದಿ ಕೆಳಗೆ ಮಾಡಿ ಇಡುತ್ತೇನೆ. ಏಳು ದಿನಕ್ಕಿಂತ ಹಳೆಯ ತತ್ತಿ ಇಡುವುದಿಲ್ಲ.

ತಳಿ ಅಪ್ಪಟವಾಗಿರಬೇಕಾದರೆ ಹೆಣ್ಣನ್ನು ಬೇರೆ ಹುಂಜಗಳಿಂದ ದೂರ ಇಟ್ಟು ಮೂರು ವಾರ ಆದ ಮೇಲಿನ ತತ್ತಿಯನ್ನೇ ತೆಗೆದುಕೊಳ್ಳಿ. ಹಳೆಯ ಹುಂಜದ ಬೀಜ ಅವುಗಳ ಮೈಯಲ್ಲಿ ಅಷ್ಟು ದಿನ ಉಳಿಯುತ್ತದೆ. ಸಿಲ್ಕಿ, ಕೊಚಿನ್‌ಗಳಲ್ಲಿ ಬಾಲದ ಕೆಳಗಿನ ಗರಿ ಕತ್ತರಿಸಿದರೆ ಬಂಜೆ ತತ್ತಿ ಕಡಿಮೆಯಾಗುತ್ತದೆ. ಫ್ರಿಜಲ್‌ಗೆ ಫ್ರಿಜಲ್ ಕೂಡಿಸಬೇಡಿ. ನಾಲ್ಕರಲ್ಲಿ ಒಂದು ಮರಿಯ ಗರಿ ವಿಪರೀತ ಸುರುಳಿಯಾಗಿ, ಮುರಿದು ಉದುರಿ ಮೈ ಬೋಳಾಗುತ್ತದೆ. ಒಂದು ಕಡೆ ನೇರ ಗರಿಯದು ಇರಲಿ. ಜಪಾನೀಸ್ ಬ್ಯಾಂಟಮ್‌ನ ಗಿಡ್ಡ ಕಾಲಿನದೂ ಇಂಥದೇ ಲೆಕ್ಕ. ಗಿಡ್ಡ ಗಿಡ್ಡ ಕೂಡಿಸಿದರೆ ನಾಲ್ಕರಲ್ಲಿ ಒಂದು ಮರಿ ತತ್ತಿಯೊಳಗೇ ಸಾಯುತ್ತದೆ.

ಕಾವಿಗೆ ಸಿಲ್ಕಿಯನ್ನು ಮೀರಿಸುವ ತಾಯಿ ಇಲ್ಲ. ಅದು ಯಾರ ತತ್ತಿಯ ಮೇಲಾದರೂ ಕೂರುತ್ತದೆ. ಆರರಿಂದ ಎಂಟು ತತ್ತಿ ಸಾಕು. ಏಳನೇ ರಾತ್ರಿ ಮೊಬೈಲ್ ಬೆಳಕಿಗೆ ಹಿಡಿದರೆ ಜೇಡರ ಬಲೆಯಂತೆ ನರ ಕಾಣಬೇಕು. 21ನೇ ದಿನ ಮರಿ. ಕೂತ ತಾಯಿಯನ್ನು ದಿನಕ್ಕೊಮ್ಮೆ ಎತ್ತಿ ಹೊರಗೆ ಬಿಡಿ, ಇಲ್ಲದಿದ್ದರೆ ತಿನ್ನದೆ ಕುಡಿಯದೆ ಕೂತೇ ಸೊರಗುತ್ತದೆ. ಕಾವು ಕೊಡುವ ಮಷಿನ್ ಆದರೆ 37.5 ಡಿಗ್ರಿ, 18ನೇ ದಿನದಿಂದ ತತ್ತಿ ತಿರುಗಿಸುವುದು ಬಿಟ್ಟು ತೇವ ಹೆಚ್ಚಿಸಿ. ಮರಿಯ ಪೆಟ್ಟಿಗೆಗೆ ಮೊದಲ ವಾರ 35 ಡಿಗ್ರಿ, ಮುಂದೆ ವಾರಕ್ಕೆ ಮೂರರಂತೆ ಇಳಿಸಿ. ನುಣುಪು ಪೇಪರ್ ಹಾಸಬೇಡಿ, ಕಾಲು ಜಾರಿ ಸೊಟ್ಟಗಾಗುತ್ತದೆ.

ಎರಡು ವರ್ಷಕ್ಕೊಮ್ಮೆ ಹುಂಜ ಬದಲಿಸುತ್ತೇನೆ. ಜಮಖಂಡಿ ಕಡೆ ಒಬ್ಬರು ಸಿಲ್ಕಿ ಸಾಕುತ್ತಾರೆ, ನನ್ನದು ಅವರಿಗೆ, ಅವರದು ನನಗೆ. ರಕ್ತ ಒಂದೇ ಆದರೆ ಮರಿ ಕುಗ್ಗುತ್ತವೆ, ತತ್ತಿ ಬಂಜೆಯಾಗುತ್ತವೆ. ಕಾಲಿಗೆ ಬಣ್ಣದ ಉಂಗುರ ಹಾಕಿ ವಹಿಯಲ್ಲಿ ಬರೆದಿಡಿ.

ಸಂಜೆ ಆರೂವರೆಗೆ ಗೂಡು ಮುಚ್ಚುತ್ತೇನೆ. ಜವಾರಿ ಕೋಳಿಗಳು ತಾವೇ ಹೋಗಿ ಕೂತಿರುತ್ತವೆ. ಪೋಲಿಷ್‌ಗೆ ಮಬ್ಬಿನಲ್ಲಿ ಬಾಗಿಲು ಕಾಣುವುದಿಲ್ಲ, ಬೇವಿನ ಬುಡದಲ್ಲೇ ನಿಂತಿರುತ್ತವೆ. ಮಾತಾಡಿಸುತ್ತಾ ಹೋಗಿ ಒಂದೊಂದಾಗಿ ಎತ್ತಿ ಹಲಗೆ ಮೇಲೆ ಇಡಬೇಕು. ಹದಿನಾಲ್ಕು ಎಣಿಸಿದ ಮೇಲೆ ಮೇಲೊಂದು ಕೆಳಗೊಂದು ಚಿಲಕ. ಕೆಳಗಿನದನ್ನು ಬಿಡಬೇಡಿ, ಮುಂಗುಸಿ ಬಾಗಿಲನ್ನು ಅಲ್ಲಿಂದಲೇ ಸಡಿಲ ಮಾಡುತ್ತದೆ.